ದಪ್ಪ ಸರಳು, ಸಣ್ಣ ಒಳಜಾಗ: ಬೆಂಗಳೂರಿನಲ್ಲಿ ಯು-ಲಾಕ್ ಬಳಸಿ ಕಂಡದ್ದು

ಯು-ಲಾಕ್ ಅಂದರೆ ಯು ಆಕಾರದ ಉಕ್ಕಿನ ಸರಳಿನ ಬಾಯಿಗೆ ಅಡ್ಡಪಟ್ಟಿ ಸೇರಿಸಿ ಹಾಕುವ ಸೈಕಲ್ ಬೀಗ. ಕ್ರಿಪ್ಟೊನೈಟ್ ಕಂಪನಿಯ ಇವಲ್ಯೂಷನ್ ಮಿನಿ-7 ಯು-ಲಾಕ್ ನನ್ನ ಗೇರ್ ಸೈಕಲ್ಲಿಗೆ ಬಂದು ವರ್ಷಗಳಾದವು. ನನ್ನ ತಮ್ಮ ಅಮೆರಿಕದಿಂದ ಬರುವಾಗ ತಂದುಕೊಟ್ಟದ್ದು. ಮೆಟ್ರೊ ಸ್ಟೇಷನ್ನು, ತರಕಾರಿ ಅಂಗಡಿ, ದರ್ಶಿನಿ, ಭಾನುವಾರದ ಕಬ್ಬನ್ ಪಾರ್ಕು, ಎಲ್ಲ ಕಡೆಯೂ ಸೈಕಲ್ಲನ್ನು ಇದನ್ನೇ ನಂಬಿ ಬಿಟ್ಟು ಹೋಗಿದ್ದೇನೆ. ತೂಕ ಒಂದೂವರೆ ಕೆ.ಜಿ. ಹತ್ತಿರ. ಮೊದಲ ಸಲ ನೋಡಿದ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, "ಏನ್ ಸಾರ್ ಇದು, ಅಂಗಡಿ ಶಟರಿಗೆ ಹಾಕೋ ಬೀಗಾನಾ?" ಅಂದಿದ್ದರು.

ಸರಳು 13 ಮಿ.ಮೀ. ದಪ್ಪ, ಹದಗೊಳಿಸಿದ ಉಕ್ಕು. ಚೀಲದಲ್ಲಿ ಬಚ್ಚಿಟ್ಟುಕೊಂಡು ಬರುವಂಥ ಸಣ್ಣ ಕಟ್ಟರಿಗೆ ಇದು ಜಗ್ಗುವುದಿಲ್ಲ. ಸರಳಿನ ಎರಡೂ ಕಾಲುಗಳನ್ನು ಅಡ್ಡಪಟ್ಟಿಯೊಳಗೆ ಬೋಲ್ಟ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಒಂದು ಕಡೆ ಕೊಯ್ದು ತಿರುಗಿಸಿ ಬಿಡಿಸಿಕೊಳ್ಳಲು ಬರುವುದಿಲ್ಲ, ಎರಡು ಕಡೆ ಕೊಯ್ಯಬೇಕು. ಒಂದೇ ಕಾಲಿಗೆ ಬೋಲ್ಟ್ ಇರುವ ಅಗ್ಗದ ಯು-ಲಾಕುಗಳೂ ಮಾರುಕಟ್ಟೆಯಲ್ಲಿವೆ, ನೋಡಿ ತೆಗೆದುಕೊಳ್ಳಿ. ಉಕ್ಕು ಕೊಯ್ಯುವ ಬ್ಯಾಟರಿ ಗ್ರೈಂಡರ್ ಹಿಡಿದು ಬಂದವನ ಮುಂದೆ ಮಾತ್ರ ಇದರ ಆಟ ನಡೆಯುವುದಿಲ್ಲ. ಆದರೆ ಗ್ರೈಂಡರಿನ ಸದ್ದು, ಕಿಡಿ ಎರಡೂ ಬೀದಿಗೆಲ್ಲ ಗೊತ್ತಾಗುವಂಥವು.

ಇದಕ್ಕೆ ಹೋಲಿಸಿದರೆ ನಾಲ್ಕು ನಂಬರಿನ ಕೇಬಲ್ ಲಾಕ್ ಬರೀ ಸಮಾಧಾನಕ್ಕೆ. ಬೆರಳಿನಷ್ಟು ದಪ್ಪ ಕಾಣುವ ಆ ಕೇಬಲ್ಲಿನಲ್ಲಿ ಬಹುಪಾಲು ಪ್ಲಾಸ್ಟಿಕ್ಕು. ಒಳಗಿರುವ ಸಣ್ಣ ತಂತಿಗಳ ಕಟ್ಟನ್ನು ಒಳ್ಳೆಯ ಕಟಿಂಗ್ ಪ್ಲೇಯರ್ ಒಂದೊಂದಾಗಿ ಕಚ್ಚಿ ಮುಗಿಸುತ್ತದೆ. ಇನ್ನು ಹಳೇ ಸೈಕಲ್ಲುಗಳ ಹಿಂಚಕ್ರದ ರಿಂಗ್ ಲಾಕ್ ತುಳಿಯುವುದನ್ನು ತಡೆಯುತ್ತದೆಯೇ ಹೊರತು ಎತ್ತಿ ಲಗೇಜ್ ಆಟೊಗೆ ಹಾಕುವುದನ್ನಲ್ಲ.

ಹೆಸರು ನೋಡಿ ಕೊಳ್ಳುವವರಿಗೆ ಒಂದು ಹಳೇ ಕಥೆ. ಇದೇ ಕ್ರಿಪ್ಟೊನೈಟಿನ ದುಂಡು ಕೀಲಿಯ ಬೀಗಗಳು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆದುಕೊಳ್ಳುತ್ತವೆ ಎಂದು 2004ರಲ್ಲಿ ಇಂಟರ್ನೆಟ್ಟಿನಲ್ಲೆಲ್ಲ ಸುದ್ದಿಯಾಯಿತು. ಕಂಪನಿ ಬೀಗಗಳನ್ನು ಪುಕ್ಕಟೆ ಬದಲಿಸಿಕೊಟ್ಟಿತು. ಈಗಿನದು ಒಳಗೆ ತಿರುಗುವ ಬಿಲ್ಲೆಗಳಿರುವ ಡಿಸ್ಕ್ ಮಾದರಿ, ಚಪ್ಪಟೆ ಕೀಲಿ. ನಮ್ಮ ಸೈಕಲ್ ಅಂಗಡಿಗಳಲ್ಲಿ ಹೆಸರಿಲ್ಲದ ದುಂಡು ಕೀಲಿಯ ಬೀಗಗಳು ಇನ್ನೂ ನೇತಾಡುತ್ತಿರುತ್ತವೆ. ಬೇಡ.

ನಮ್ಮೂರಿನಲ್ಲಿ ನಿಜವಾದ ತಲೆನೋವು ಬೀಗವನ್ನು ಯಾವುದಕ್ಕೆ ಹಾಕುವುದು ಎಂಬುದು. ಒಳಗಿನ ಜಾಗ ಸುಮಾರು 8 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ, ಅಷ್ಟೆ. ಜಾಗ ಸಣ್ಣದಿದ್ದಷ್ಟೂ ಹಾರೆ ತೂರಿಸಿ ಮೀಟುವುದು ಕಷ್ಟ, ಅದಕ್ಕೇ ಮಿನಿ ಒಳ್ಳೆಯದು. ಆದರೆ ಲೈಟು ಕಂಬ, ಮರ ಯಾವುದನ್ನೂ ಇದು ಸುತ್ತುವುದಿಲ್ಲ. ಉಳಿಯುವುದು ಫುಟ್‌ಪಾತಿನ ರೇಲಿಂಗು, ನೋ ಪಾರ್ಕಿಂಗ್ ಬೋರ್ಡಿನ ಕಂಬ. ಬೋರ್ಡಿನ ಕಂಬವನ್ನು ಮೊದಲು ಒಮ್ಮೆ ಅಲ್ಲಾಡಿಸಿ ನೋಡಿ: ಕೆಲವು ಬುಡದಲ್ಲಿ ಸಡಿಲವಾಗಿದ್ದು, ಸೈಕಲ್ ಸಮೇತ ಮೇಲಕ್ಕೆ ಕಿತ್ತು ಬರುತ್ತವೆ. ಬೇಸ್‌ಮೆಂಟಿನಲ್ಲಿ ಪಿವಿಸಿ ಪೈಪಿಗೆ ಕಟ್ಟಿರುವ ಸಾವಿರಾರು ರೂಪಾಯಿಯ ಸೈಕಲ್ಲುಗಳನ್ನು ನೋಡಿದಾಗಲೆಲ್ಲ ನನಗೆ ಕೈ ಕಡಿಯುತ್ತದೆ. ಮುಂಚಕ್ರವನ್ನಷ್ಟೇ ಹಿಡಿಯುವ ಸ್ಟ್ಯಾಂಡೂ ಹಾಗೇ. ಚಕ್ರಕ್ಕೆ ಮಾತ್ರ ಬೀಗ ಹಾಕಿ, ಅದು ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚಬಹುದಾದ ಕ್ವಿಕ್ ರಿಲೀಸ್ ಆಗಿದ್ದರೆ, ಸಂಜೆ ಬಂದಾಗ ನಿಮಗೆ ಸಿಗುವುದು ಆ ಚಕ್ರ ಒಂದೇ.

ನಾನು ಅನುಸರಿಸುವುದು ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಜನಪ್ರಿಯಗೊಳಿಸಿದ ಕ್ರಮ. ಹಿಂದಿನ ಚಕ್ರದ ರಿಮ್ಮು ಫ್ರೇಮಿನ ಹಿಂಭಾಗದ ತ್ರಿಕೋನದೊಳಗೆ ಹಾದು ಹೋಗುವ ಜಾಗದಲ್ಲೇ ಬೀಗ ತೂರಿಸಿ ರೇಲಿಂಗಿಗೆ ಸೇರಿಸುವುದು. ಫ್ರೇಮಿನ ಕೊಳವೆಯನ್ನು ಬೀಗ ಸುತ್ತದಿದ್ದರೂ ಪರವಾಗಿಲ್ಲ. ಬೀಗ ಬಿದ್ದ ಚಕ್ರ ಆ ತ್ರಿಕೋನದಿಂದ ಹೊರಗೆ ಬರುವುದಿಲ್ಲ. ಬೀಗದ ಜೊತೆಗೆ ಬಂದಿದ್ದ ಕೇಬಲ್ಲನ್ನು ಮುಂಚಕ್ರಕ್ಕೆ ಸುತ್ತುತ್ತೇನೆ. ಸೀಟು, ಲೈಟು ನಿಮ್ಮ ಅದೃಷ್ಟ.

ಮಳೆಗಾಲದಲ್ಲಿ ಕೀಲಿಯ ಬಾಯಿ ಕೆಳಮುಖವಾಗಿರುವಂತೆ ಹಾಕುವುದು ಮುಖ್ಯ. ತೂತಿಗೆ ಸರಿಸುವ ಮುಚ್ಚಳವಿದೆ, ಆದರೂ ಧೂಳು ಒಳಗೆ ಹೋಗುತ್ತದೆ. ಮನೆಯ ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಮಳೆ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಸಿಲಿಕೋನ್ ಸ್ಪ್ರೇ ಹೊಡೆದು ಕೀಲಿ ನಾಲ್ಕು ಸಲ ತಿರುಗಿಸಿದರೆ ಸಾಕು. ನನ್ನದು ಇವತ್ತಿಗೂ ನಯವಾಗಿ ತಿರುಗುತ್ತದೆ. ಸರಳಿನ ಮೇಲಿನ ಪ್ಲಾಸ್ಟಿಕ್ ಪದರ ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ, ಫ್ರೇಮಿಗೆ ಮಾತ್ರ ಗೀರು ಬಿದ್ದಿಲ್ಲ.

ಯಾರಿಗೆ ಬೇಡ? ಹಾಲು ತರಲು ಮಾತ್ರ ಹೊರಡುವ ಸಾದಾ ಸೈಕಲ್ಲಿಗೆ ಇದು ಅತಿಯಾಯಿತು, ಬೀಗದ ಬೆಲೆಯೇ ಸಾವಿರಗಳಲ್ಲಿದೆ. ಅಲ್ಲಿಗೆ ರಿಂಗ್ ಲಾಕ್ ಜೊತೆಗೊಂದು ಗಟ್ಟಿ ಸರಪಳಿ ಸಾಕು. ಲಕ್ಷದ ಸೈಕಲ್ಲಿದ್ದು ರಾತ್ರಿಯಿಡೀ ಹೊರಗೆ ಬಿಡಬೇಕಾದವರು 16 ಮಿ.ಮೀ. ಸರಳಿನ ಬೀಗಕ್ಕೇ ಹೋಗಲಿ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಸಂಸ್ಥೆ ಬೀಗಗಳನ್ನು ಪರೀಕ್ಷಿಸಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ಡಬ್ಬದ ಮೇಲೆ ಕಂಪನಿ ತಾನೇ ಬರೆದುಕೊಂಡ ಹತ್ತಕ್ಕಿಷ್ಟು ಅಂಕಕ್ಕಿಂತ ಅದನ್ನು ನೋಡುವುದು ಮೇಲು. ಕೊಂಡ ದಿನವೇ ಕೀಲಿಯ ನಂಬರನ್ನೂ, ಪೆಡಲಿನ ಕೆಳಗೆ ಫ್ರೇಮಿನ ಮೇಲೆ ಕೆತ್ತಿರುವ ನಂಬರನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಪೊಲೀಸರಿಗೆ ದೂರು ಕೊಡುವಾಗ ಬೇಕಾಗುವುದು ಎರಡನೆಯದು.