ಬೆಟ್ಟದ ಸೀಮೆಗೆ ಯಾವ ವಾಕಿಟಾಕಿ: ಅನಲಾಗೋ, ಡಿಜಿಟಲ್ಲೋ?

ತುಮಕೂರು ಸೀಮೆಯಲ್ಲಿ ಜಾತ್ರೆಗೋ ಭದ್ರತಾ ಕೆಲಸಕ್ಕೋ ವಾಕಿಟಾಕಿ ಕೊಳ್ಳಲು ಹೊರಟವರು ಪೊಲೀಸ್ ವೈರ್‌ಲೆಸ್ ಸಾಗಿಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರ ಕಾರುಗಳಲ್ಲಿ ಆದೇಶವನ್ನು ಕೇಳಬಹುದಿತ್ತೇ ಹೊರತು ಉತ್ತರ ಕೊಡಲು ಆಗುತ್ತಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್‌ನಲ್ಲಿ ಎರಡೂ ಕಡೆಯಿಂದ ಮಾತನಾಡುವ ವ್ಯವಸ್ಥೆ ಬಂತು. ಇಂದು ಬಳಕೆಯಲ್ಲಿರುವ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ರೇಡಿಯೊ ತರಂಗಗಳು ಬಹುತೇಕ ನೇರ ಗೆರೆಯಲ್ಲಿ ಸಾಗುವುದರಿಂದ, ಮಧುಗಿರಿಯ ಏಕಶಿಲಾ ಬೆಟ್ಟದಂಥದ್ದು ಅಡ್ಡ ಬಂದರೆ ಅನಲಾಗ್ (ಧ್ವನಿಯನ್ನು ಅಲೆಯಾಗಿಯೇ ಕಳಿಸುವ ಸೆಟ್), ಡಿಜಿಟಲ್ (ಧ್ವನಿಯನ್ನು ಅಂಕಿಗಳಾಗಿ ಬದಲಿಸಿ ಕಳಿಸುವ ಸೆಟ್) ಎರಡೂ ಸೋಲುತ್ತವೆ. ಸಂಕೇತವನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರನ್ನು ಎತ್ತರದಲ್ಲಿ ಇಡುವುದೇ ಅದಕ್ಕೆ ಪರಿಹಾರ.

ವ್ಯತ್ಯಾಸವಿರುವುದು ಸೋಲುವ ರೀತಿಯಲ್ಲಿ. ಅನಲಾಗ್‌ನಲ್ಲಿ ದೂರ ಹೆಚ್ಚಿದಂತೆ ಕರಕರ ಸದ್ದು ಏರಿದರೂ, ಕಿವಿಗೊಟ್ಟರೆ ‘ಗೇಟು’, ‘ಆಂಬುಲೆನ್ಸ್’ ಎಂಬಷ್ಟಾದರೂ ತಿಳಿಯುತ್ತದೆ; ಡಿಜಿಟಲ್ ಸೆಟ್ ಬಹಳ ದೂರದವರೆಗೆ ಸ್ವಚ್ಛವಾಗಿ ಮಾತನಾಡಿ ಥಟ್ಟನೆ ನಿಂತುಬಿಡುತ್ತದೆ. ಆದರೆ ಡಿಎಂಆರ್ ಎಂಬ ಡಿಜಿಟಲ್ ಪದ್ಧತಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನಲ್ಲಿ ಎರಡು ಸಂಭಾಷಣೆಗಳನ್ನು ಸಾಗಿಸುತ್ತದೆ, ಮಾತನ್ನು ಗುಟ್ಟಾಗಿಡುವುದೂ ಅದರಲ್ಲಿ ಸುಲಭ. ಸಾಮಾನ್ಯ ಅನಲಾಗ್ ಮಾತನ್ನಾದರೋ ಅದೇ ಫ್ರೀಕ್ವೆನ್ಸಿಗೆ ಸೆಟ್ ಹೊಂದಿಸಿದ ಯಾರಾದರೂ ಕೇಳಬಹುದು. ಆಗಾಗ ಬದಲಾಗುವ ಸ್ವಯಂಸೇವಕರ ತಂಡಕ್ಕೆ ನಾನು ಅನಲಾಗನ್ನೇ ಸೂಚಿಸುತ್ತೇನೆ. ಗೋಪ್ಯತೆ ಮುಖ್ಯವಾದ ಕಾಯಂ ಕೆಲಸಕ್ಕೆ ಡಿಜಿಟಲ್ ಸರಿ. ಯಾವುದನ್ನೇ ಕೊಂಡರೂ ಪರವಾನಗಿ ಬೇಕೇ ಎಂದು ಮೊದಲು ವಿಚಾರಿಸಿಕೊಳ್ಳಿ. ಪೊಲೀಸರ ಫ್ರೀಕ್ವೆನ್ಸಿಗೆ ಕೈಹಾಕುವುದಂತೂ ಅಪರಾಧ.