ಡೇಟೋನಾ ಬೀಚ್: ಜನವರಿಗೋ, ಫೆಬ್ರವರಿಗೋ, ರೇಸೇ ಇಲ್ಲದ ದಿನಕ್ಕೋ?

ಅಮೆರಿಕದ ಫ್ಲೋರಿಡಾದಲ್ಲಿರುವ ಈ ಕಾರ್ ರೇಸಿನ ಊರಿಗೆ ಯಾವಾಗ ಹೋಗುವುದು? ಖರ್ಚಿನ ವಿಷಯದಲ್ಲಿ ಡೇಟೋನಾ 500, ಅಂದರೆ ಫೆಬ್ರವರಿಯ 500 ಮೈಲಿ ಕಾರ್ ರೇಸ್, ದುಬಾರಿ. ಆ ಫೆಬ್ರವರಿ ವಾರ ಹೋಟೆಲ್ ದರ ಗಗನಕ್ಕೇರುತ್ತದೆ, ಒರ್ಲಾಂಡೊದಲ್ಲಿ ಉಳಿದು ಒಂದು ಗಂಟೆ ಕಾರಿನಲ್ಲಿ ಬರುವವರೇ ಜಾಣರು. ಜನವರಿ ಕೊನೆಯ 24 ಗಂಟೆಗಳ ರೇಸ್‌ಗೆ ಅಷ್ಟು ನೂಕುನುಗ್ಗಲಿಲ್ಲ. ಗ್ಯಾರೇಜ್ ಹತ್ತಿರವೇ ಓಡಾಡಿ ಮೆಕ್ಯಾನಿಕ್‌ಗಳ ಕೆಲಸ ನೋಡಬಹುದು. ಆದರೆ ರಾತ್ರಿ ಚಳಿ ಕೊರೆಯುತ್ತದೆ, ಫ್ಲೋರಿಡಾ ಅಂತ ಬರೀ ಟೀ ಶರ್ಟ್ ತುಂಬಿಕೊಂಡು ಹೋದರೆ ಕೆಟ್ಟಿರಿ.

ಮಳೆ ಬಂದರೆ? 500ರ ಓಟ ನಿಲ್ಲುತ್ತದೆ: 31 ಡಿಗ್ರಿ ಓರೆಯಾದ ತಿರುವಿನಲ್ಲಿ ನುಣುಪು ಟೈರಿಗೆ ಹಿಡಿತ ಸಿಗದು. ಸೋಮವಾರಕ್ಕೆ ಮುಂದೂಡಿದ್ದೂ ಉಂಟು, ವಾಪಸ್ ವಿಮಾನ ಮಂಗಳವಾರಕ್ಕಿರಲಿ. 24 ಗಂಟೆಗಳ ರೇಸಿನವರು ಗೀರುಗಳಿರುವ ಮಳೆ ಟೈರ್ ಹಾಕಿ ಓಡುತ್ತಾರೆ.

ಇತಿಹಾಸದ ಹುಚ್ಚಿದ್ದರೆ ರೇಸಿಲ್ಲದ ದಿನವೇ ಸರಿ. ಸ್ಪೀಡ್‌ವೇ (ರೇಸ್ ಟ್ರ್ಯಾಕ್) ಪಕ್ಕದ ಮ್ಯೂಸಿಯಂನಲ್ಲಿ, 1935ರಲ್ಲಿ ಇಲ್ಲಿನ ಬೀಚಿನ ಮರಳಿನ ಮೇಲೆ ಗಂಟೆಗೆ 276 ಮೈಲಿ ಓಡಿದ, ಬ್ರಿಟಿಷ್ ವೇಗದ ಚಾಲಕ ಮಾಲ್ಕಮ್ ಕ್ಯಾಂಪ್‌ಬೆಲ್‌ರ ಬ್ಲೂಬರ್ಡ್ ಕಾರು ಇದೆ. ಆಮೇಲೆ ನಿಮ್ಮ ಕಾರನ್ನೂ ಶುಲ್ಕ ಕೊಟ್ಟು ಬೀಚಿಗಿಳಿಸಿ; ಮಿತಿ ಗಂಟೆಗೆ ಬರೀ 10 ಮೈಲಿ! ಗಟ್ಟಿ ಮರಳು ಬಿಟ್ಟು ಸಡಿಲ ಮರಳಿಗೆ ಹೋದರೆ ಚಕ್ರ ಹೂತುಕೊಳ್ಳುತ್ತದೆ. ಉಬ್ಬರದ ಹೊತ್ತಿಗೆ ದಾರಿ ಮುಚ್ಚುತ್ತಾರೆ, ಇಳಿತದ ಸಮಯ ನೋಡಿಕೊಂಡೇ ಹೊರಡಿ.