ಮಾತನ್ನು ಅಕ್ಷರ ಮಾಡುವ ಆ್ಯಪ್: ದಾಲ್ ಮಿಲ್ ಆಫೀಸಿನಲ್ಲಿ ಎಂಟು ತಿಂಗಳು

ಎದುರಿನವರು ಮಾತಾಡಿದ್ದನ್ನು ಮೊಬೈಲಿನಲ್ಲಿ ಅಕ್ಷರ ಮಾಡಿ ತೋರಿಸುವ ಆ್ಯಪ್‌ಗಳು ಈಗ ಕನ್ನಡದಲ್ಲೂ ಇವೆ. ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಎರಡೂ ಕಿವಿಯಲ್ಲಿ 65 ಡೆಸಿಬಲ್ (ಸದ್ದಿನ ಅಳತೆ) ಕೇಳುವ ಶಕ್ತಿಯ ನಷ್ಟ ಇದೆ. ಕಿವಿಗೆ ಮಷಿನ್ ಹಾಕಿಕೊಳ್ಳುತ್ತೇನೆ, ಆದರೆ ಗಿರಣಿ ಶುರುವಾದರೆ ಅದು ಗಿರಣಿಯ ಸದ್ದನ್ನೂ ಜಾಸ್ತಿ ಮಾಡುತ್ತದೆ. ಹಾಗಾಗಿ ಮೂರು ಆ್ಯಪ್ ಹಾಕಿ ನೋಡಿದೆ. ಯಾವುದು ಮೇಲು ಅಂತ ತೂಗಿ ಹೇಳುವುದಿಲ್ಲ, ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನನ್ನ ಹಿಂದಿನ ಕೆಲಸದ ಮಾತು ಹೇಳಲೇಬೇಕು. ಅಲ್ಲಿ ಚಹಾ ಕುಡಿಯುವಾಗ ಎಲ್ಲರೂ ನಗುತ್ತಿದ್ದರು. ಏನಾಯ್ತು ಅಂತ ಕೇಳಿದರೆ, "ಏನಿಲ್ಲ ಬಿಡ್ರಿ ಅಕ್ಕಾ, ಆಮ್ಯಾಲ ಹೇಳ್ತೀನಿ" ಅನ್ನುತ್ತಿದ್ದರು. ಆಮೇಲೆ ಯಾರೂ ಹೇಳುತ್ತಿರಲಿಲ್ಲ. ಒಂದು ವರ್ಷ ಎಳ್ಳ ಅಮಾವಾಸ್ಯೆಗೆ ಇಡೀ ಆಫೀಸು ಒಬ್ಬರ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಿ ಪೂಜೆ ಮಾಡಲು, ಹೋಗಿತ್ತು. ಮರುದಿನ ಅವರು ನನಗೆ ಅಂತಲೇ ಡಬ್ಬಿಯಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ತಂದಿದ್ದರು. "ಯಾಕ ಬರಲಿಲ್ರಿ ನೀವು? ಎಲ್ಲರಿಗೂ ಹೇಳಿದ್ದೆನಲ್ಲ" ಅಂದರು. ಹೇಳಿದ್ದು ನಿಜ. ಚಹಾ ಹೊತ್ತಿನಲ್ಲಿ, ನನಗೆ ಬೆನ್ನು ಮಾಡಿಕೊಂಡು ಹೇಳಿದ್ದರು. ಮನೆಯಲ್ಲಿ ಕೆಲಸ ಇತ್ತು ಅಂತ ಸುಮ್ಮನೆ ಹೇಳಿ ಡಬ್ಬಿ ತೆಗೆದುಕೊಂಡೆ. ಯಾರೂ ಬೇಕಂತ ಬಿಟ್ಟದ್ದಲ್ಲ, ಅದಕ್ಕೇ ಜಗಳ ಆಡುವುದಕ್ಕೂ ಬರಲಿಲ್ಲ.

ಅಂಥ ಐದು ವರ್ಷ ಕಳೆದು ಇಲ್ಲಿಗೆ ಬಂದಾಗ ನಾನು ಏನನ್ನೂ ಕೇಳಲಿಲ್ಲ. ಬೈಸಿಕೊಳ್ಳದೆ ಕೆಲಸ ಮುಗಿಸಿ ಮನೆಗೆ ಹೋದರೆ ಅದೇ ಒಳ್ಳೆಯ ಆಫೀಸು ಅಂದುಕೊಂಡಿದ್ದೆ. ತುಟಿ ನೋಡಿ ಕೆಲಸ ನಡೆಸುತ್ತಿದ್ದೆ. ಆದರೆ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ತರಹ ಕಾಣುತ್ತವೆ. ಬೇಕಾದರೆ ಕನ್ನಡಿ ಮುಂದೆ ನಿಂತು ಸದ್ದು ಮಾಡದೆ 'ಬಿಲ್ಲು', 'ಮಿಲ್ಲು' ಅಂದು ನೋಡಿ. ದಿನಕ್ಕೆ ನೂರು ಸಲ ಈ ಎರಡೇ ಶಬ್ದ ಓಡಾಡುವ ಜಾಗದಲ್ಲಿ ನಾನು ಊಹೆಯ ಮೇಲೆ ಲೆಕ್ಕ ಬರೆಯುತ್ತಿದ್ದೆ.

ನಾಲ್ಕನೇ ವರ್ಷ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಊರುಗೋಲು ಹಿಡಿದು ನಡೆಯುತ್ತಾನೆ. ಎರಡನೇ ದಿನವೇ ಮ್ಯಾನೇಜರ್ ಹತ್ತಿರ ಹೋಗಿ, "ಫೈಲು ಮ್ಯಾಲಿನ ರ್‍ಯಾಕ್‌ನಾಗ ಅವ, ನನಗ ಎಟಕಂಗಿಲ್ರಿ, ಕೆಳಗ ಇಡಿಸ್ರಿ" ಅಂದ. ಸಂಜೆಯೊಳಗೆ ಹಮಾಲರು ಇಳಿಸಿದರು. ನನಗೆ ಎದೆ ಹೊಡೆದುಕೊಂಡಿತು, ಹೀಗೆ ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ವಿಚಾರಿಸಿದೆ. ಅವನ ಶಾಲೆಯಲ್ಲಿ ಒಬ್ಬರು ಮೇಷ್ಟ್ರು ಅವನಿಗೋಸ್ಕರ ಇಡೀ ತರಗತಿಯನ್ನೇ ಮೇಲಿನ ಮಹಡಿಯಿಂದ ಕೆಳಗೆ ತಂದಿದ್ದರಂತೆ. ಚಿಕ್ಕಂದಿನಲ್ಲಿ ಅದನ್ನು ಕಂಡವನು ಫೈಲು ಇಳಿಸಿ ಅನ್ನುವುದಕ್ಕೆ ಯಾಕೆ ಹಿಂಜರಿಯುತ್ತಾನೆ, ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಗ್ಗೆ ನನಗೆ ಹೇಳಿದ್ದೂ ಅವನೇ. 21 ಬಗೆಯ ಅಂಗವೈಕಲ್ಯ ಅದರಲ್ಲಿ ಬರುತ್ತವೆ, ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವೂ ಅದರಲ್ಲಿದೆ.

ಆ ವಾರವೇ ಆ್ಯಪ್ ಹಾಕಿದೆ. ಸೋಮವಾರದ ಮೀಟಿಂಗ್‌ನಲ್ಲಿ ಮೊಬೈಲನ್ನು ಟೇಬಲ್ ನಡುವೆ ಇಟ್ಟು, "ಒಬ್ಬೊಬ್ಬರಾಗಿ ಮಾತಾಡ್ರಿ, ನಾ ಓದ್ತೀನಿ" ಅಂದೆ. ಕೈ ನಡುಗುತ್ತಿತ್ತು.

ಈಗ ಆ್ಯಪ್ ಬಗ್ಗೆ. ಮೂರರಲ್ಲಿ ಒಂದಾದ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂತು, ದುಡ್ಡು ಕೊಡಬೇಕಿಲ್ಲ. ಅದನ್ನು ಮಾಡಿದವರಲ್ಲಿ ಒಬ್ಬರಾದ ದಿಮಿತ್ರಿ ಕನೆವ್‌ಸ್ಕಿ ಅವರಿಗೆ ಚಿಕ್ಕಂದಿನಿಂದ ಕಿವಿ ಕೇಳಿಸುವುದಿಲ್ಲ. ಅದು ಗೊತ್ತಾದ ಮೇಲೆ ಅದರ ಒಂದೊಂದು ಅನುಕೂಲವೂ ನನಗೆ ಅರ್ಥವಾಯಿತು. ಯಾರಾದರೂ ನಿಮ್ಮ ಹೆಸರು ಹಿಡಿದು ಕರೆದರೆ ಫೋನ್ ನಡುಗುವ ಹಾಗೆ ಮಾಡಿಕೊಳ್ಳಬಹುದು. ಇದನ್ನು ಬೆನ್ನ ಹಿಂದಿನ ಕರೆ ತಪ್ಪಿಸಿಕೊಂಡವರೇ ಯೋಚಿಸಬೇಕು. ಅಕ್ಷರ ದೊಡ್ಡದಾಗುತ್ತವೆ, ನಮ್ಮ ಊರಿನ, ಜನರ ಹೆಸರುಗಳನ್ನು ಮೊದಲೇ ಸೇರಿಸಿಡಬಹುದು.

ಕೊರತೆ ಮೂರೂ ಆ್ಯಪ್‌ಗಳಿಗೆ ಸೇರಿದ್ದು. ಇಬ್ಬರು ಒಟ್ಟಿಗೆ ಮಾತಾಡಿದರೆ ಎಲ್ಲ ಕಲಸಿಹೋಗುತ್ತದೆ. ನೆಟ್ ನಿಧಾನವಾದರೆ ಅಕ್ಷರವೂ ತಡ. ಬ್ಯಾಟರಿ ಬೇಗ ಇಳಿಯುತ್ತದೆ, ಚಾರ್ಜರ್ ಹತ್ತಿರವೇ ಕೂತುಕೊಳ್ಳಿ. ತೂಕದ ಕಾಂಟಾದ ಹತ್ತಿರ, ಲಾರಿ ನಿಂತಲ್ಲಿ ಉಪಯೋಗವೇ ಇಲ್ಲ. ನಮ್ಮಲ್ಲಿ ಒಂದೇ ವಾಕ್ಯದೊಳಗೆ ಕನ್ನಡ, ಉರ್ದು, ಮರಾಠಿ ಮೂರೂ ಬರುತ್ತವೆ, ಅಲ್ಲಿ ತೊಡರುತ್ತದೆ. ಒಮ್ಮೆ ಮ್ಯಾನೇಜರ್ "ಈ ಮಾಲ್ ಕಳಸೋದು ಬ್ಯಾಡ್ರಿ" ಅಂದರು. ಪರದೆಯ ಮೇಲೆ ಬಂದದ್ದು "ಈ ಮಾಲ್ ಕಳಿಸೋದು ಬ್ಯಾಟರಿ". ನಾನು ಬಿಲ್ ಮಾಡಿಬಿಟ್ಟೆ. ಲಾರಿ ಗೇಟು ದಾಟುವ ಮೊದಲು ತಡೆದರು, ಪುಣ್ಯ. ಅವತ್ತಿನಿಂದ ಮ್ಯಾನೇಜರ್ ಬೇಡ ಅನ್ನುವಾಗ ನನ್ನ ಕಡೆ ತಿರುಗಿ ಕೈ ಆಡಿಸಿಯೇ ಹೇಳುತ್ತಾರೆ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ.

ಇನ್ನೊಂದು ಮಾತು, ಜೊತೆಯವರಿಗೆ ಮೊದಲೇ ತಿಳಿಸಿ. ನಮ್ಮಲ್ಲಿ ಇಬ್ಬರು, ಮಾತೆಲ್ಲ ರೆಕಾರ್ಡ್ ಆಗುತ್ತದೆ ಅಂತ ಹೆದರಿದ್ದರು. ಬರಹ ಉಳಿಸುವ ಆಯ್ಕೆಯನ್ನು ಅವರ ಎದುರಿಗೇ ಬಂದ್ ಮಾಡಿ ತೋರಿಸಿದೆ. ಈಗ ಚಹಾ ಹೊತ್ತಿನಲ್ಲಿ ಅವರೇ ಫೋನನ್ನು ತಮ್ಮ ಕಡೆಗೆ ಸರಿಸಿಕೊಂಡು ಮಾತಾಡುತ್ತಾರೆ.

ಮೂರಕ್ಕೂ ಸೇರಿಸಿ ಐದಕ್ಕೆ ನಾಲ್ಕು ಸ್ಟಾರ್. 'ಬ್ಯಾಡ್ರಿ' ಅಂದದ್ದು 'ಬ್ಯಾಡ್ರಿ' ಅಂತಲೇ ಬಂದ ದಿನ ಇನ್ನೊಂದು ಕೊಡುತ್ತೇನೆ.